ನಾಲ್ಕೂವರೆ ಗಂಟೆಯ ಲೆಕ್ಕ



ಲೆಕ್ಕಪರಿಶೋಧಕನನ್ನು ಭಾಷಣಕ್ಕೆ ಕರೆದಿದ್ದೀರಿ. ಹೆದರಬೇಡಿ, ತೆರಿಗೆಯ ಮಾತಾಡುವುದಿಲ್ಲ, ಊಟಕ್ಕೂ ತಡ ಮಾಡುವುದಿಲ್ಲ. ಸಿಂಗಾಪುರದಿಂದ ಬೆಂಗಳೂರು ಎಷ್ಟು ದೂರ ಎನ್ನುವುದಷ್ಟೇ ನನ್ನ ವಿಷಯ.

ನೇರ ಗೆರೆಯಲ್ಲಿ ಸುಮಾರು 3,170 ಕಿಲೋಮೀಟರ್. ನೇರ ವಿಮಾನಕ್ಕೆ ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ. ಗಡಿಯಾರ ಮಾತ್ರ ನಮ್ಮ ಕೆಲವು ವ್ಯಾಪಾರಿಗಳ ಹಾಗೆ ಎರಡು ಲೆಕ್ಕದ ಪುಸ್ತಕ ಇಟ್ಟಿದೆ. ರಾತ್ರಿ 8ಕ್ಕೆ ಚಾಂಗಿ ಬಿಟ್ಟರೆ ದೇವನಹಳ್ಳಿಯಲ್ಲಿ 10 ಗಂಟೆ, ಅಂದರೆ ಎರಡೇ ಗಂಟೆ. ಅಲ್ಲಿ ರಾತ್ರಿ 11ಕ್ಕೆ ಹೊರಟರೆ ಇಲ್ಲಿ ಬೆಳಿಗ್ಗೆ 6, ಏಳು ಗಂಟೆ! ಸೂರ್ಯನ ಲೆಕ್ಕದಲ್ಲಿ ಎರಡೂ ಊರಿಗಿರುವ ಅಂತರ ಒಂದೂಮುಕ್ಕಾಲು ಗಂಟೆ ಮಾತ್ರ. ಉಳಿದದ್ದು ಸರ್ಕಾರಗಳ ಹೊಂದಾಣಿಕೆ. 1982ರ ಜನವರಿ 1ರಂದು ಮಲೇಷ್ಯಾದ ಜೊತೆ ಸಿಂಗಾಪುರವೂ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡಿತು. ಅಲ್ಲಿಯವರೆಗೆ ಭಾರತಕ್ಕೂ ಇಲ್ಲಿಗೂ ಎರಡೇ ಗಂಟೆಯ ವ್ಯತ್ಯಾಸ.

ನಾನು ಇಲ್ಲಿಗೆ ಹೊರಟಾಗ ಅಪ್ಪಯ್ಯ, "ಎಷ್ಟು ದೂರ ಆಗ್ತದೆ?" ಎಂದು ಕೇಳಿದ್ದರು. "ನಾಲ್ಕೂವರೆ ಗಂಟೆ ಅಪ್ಪಯ್ಯ, ನೀವು ಸಾಗರದಿಂದ ಶಿವಮೊಗ್ಗಕ್ಕೆ ಹೋಗಿ ಸಂತೆ ಮುಗಿಸಿ ಬಂದಷ್ಟು" ಎಂದಿದ್ದೆ. ಅವರು ಅದನ್ನು ನಂಬಿದರು, ಊರಿಗೆಲ್ಲ ಹೇಳಿದರು.

2019ರ ಮಾರ್ಚ್ ಕೊನೆಯ ವಾರ, ಬೆಳಿಗ್ಗೆ 6ಕ್ಕೆ ಅಕ್ಕನ ಫೋನು. ಅಪ್ಪಯ್ಯನಿಗೆ ಎದೆನೋವು, ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೇವೆ, ಮಾತಾಡ್ತಾ ಇದ್ದಾರೆ ಅಂದಳು. 10 ಗಂಟೆಯ ವಿಮಾನದಲ್ಲಿ ಸೀಟು ಇತ್ತು. ಮಾರ್ಚ್ ತಿಂಗಳು ನಮ್ಮ ವೃತ್ತಿಯವರಿಗೆ ಏನೆಂದು ನಿಮಗೆ ಗೊತ್ತು. ಒಂದು ವರದಿಗೆ ಸಹಿ ಹಾಕುವುದಿತ್ತು. ಹೇಗೂ ಮಾತಾಡ್ತಿದ್ದಾರಲ್ಲ ಎಂದು ರಾತ್ರಿ 8ರ ಟಿಕೆಟ್ ತೆಗೆದೆ.

ಅನಂತರ ಆ ದಿನದ ಲೆಕ್ಕ ಬರೆದಿಟ್ಟಿದ್ದೇನೆ. ಫೋನು ಬಂದಾಗಿನಿಂದ ಆಸ್ಪತ್ರೆ ಮುಟ್ಟುವವರೆಗೆ ಇಪ್ಪತ್ತೈದೂಮುಕ್ಕಾಲು ಗಂಟೆ. ಅದರಲ್ಲಿ ಆಕಾಶದಲ್ಲಿ ಕಳೆದದ್ದು ನಾಲ್ಕೂವರೆ. ಚಾಂಗಿಗೆ ಹೋಗಿ ಕಾದದ್ದು ಮೂರು, ದೇವನಹಳ್ಳಿಯ ಇಮಿಗ್ರೇಶನ್, ಬ್ಯಾಗು ಎಲ್ಲ ಸೇರಿ ಒಂದೂಕಾಲು. ಅಲ್ಲಿಂದ ಕಾರಿನಲ್ಲಿ ಆರು ಗಂಟೆ. ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂದದ್ದು 2023ರಲ್ಲಿ. ಉಳಿಯುವುದು ಹನ್ನೊಂದು ಗಂಟೆ. ಅದನ್ನು ಯಾವ ತಲೆಬರಹದ ಕೆಳಗೆ ಬರೆಯಲಿ? ವಿಮಾನ ತಡವಾಗಿರಲಿಲ್ಲ, ಮಳೆ ಇರಲಿಲ್ಲ. ಆ ಹೊತ್ತಷ್ಟೂ ನಾನು ನನ್ನ ಮೇಜಿನ ಮುಂದಿದ್ದೆ. 10ರ ವಿಮಾನ ಹಿಡಿದಿದ್ದರೆ ಅದೇ ಸಂಜೆ ಏಳೂಕಾಲಿಗೆ ಮಂಚದ ಪಕ್ಕ ಇರುತ್ತಿದ್ದೆ.

ರಾತ್ರಿ ಎರಡು ಗಂಟೆಗೆ ಅವರಿಗೆ ವೆಂಟಿಲೇಟರ್ ಹಾಕಿದರು. ಅದಕ್ಕೂ ಮುಂಚೆ ಎರಡು ಸಲ ಅಕ್ಕನನ್ನು ಕೇಳಿದ್ದರಂತೆ: "ಹೊರಟನಾ? ನಾಲ್ಕೂವರೆ ಗಂಟೆ ಅಂದಿದ್ದ." ನಾನು ಮುಟ್ಟಿದ ಮೇಲೆ ನಾಲ್ಕು ದಿನ ಇದ್ದರು, ಮಾತಾಡಲಿಲ್ಲ.

ಈ ಸಭೆಯಲ್ಲಿ ಅರ್ಧಕ್ಕರ್ಧ ಜನ ತಮ್ಮ ತಂದೆತಾಯಿಗೆ ಇದೇ ನಾಲ್ಕೂವರೆ ಗಂಟೆ ಹೇಳಿದ್ದೀರಿ ಎಂದು ನನಗೆ ಗೊತ್ತು. ಪಾಸ್‌ಪೋರ್ಟ್ ಅವಧಿ, ಒಸಿಐ ಕಾರ್ಡು ಇವತ್ತೇ ಮನೆಗೆ ಹೋಗಿ ನೋಡಿ. ಹನ್ನೊಂದು ಗಂಟೆಯ ವಿಷಯವನ್ನು ನಿಮ್ಮ ನಿಮ್ಮ ಮೇಜಿಗೇ ಬಿಡುತ್ತೇನೆ.

ಹೋದ ತಿಂಗಳು ಅಮ್ಮ ಅದೇ ಪ್ರಶ್ನೆ ಕೇಳಿದಳು. ಈ ಸಲ ಸರಿಯಾಗಿ ಹೇಳಿದೆ: "ಈ ಮನೆ ಬಾಗಿಲಿಂದ ನಿನ್ನ ಬಾಗಿಲಿಗೆ ಹದಿನಾರು ಗಂಟೆ ಅಮ್ಮಾ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಷ್ಟು ದೂರವಾದರೆ ದಾರಿಗೆ ಬುತ್ತಿ ಕಟ್ಟಿಕೊಂಡು ಬಾ ಮಗಾ" ಅಂದಳು.