ಮಗ್ಗದ ಗಾಲಿಯಿಂದ ಸೊಂಟದ ಕೀಲಿಗೆ
(ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಇಂದು ನಾವು ಹೇಳಹೊರಟಿರುವುದು ಒಂದು ಕೀಲಿನ ವಿಚಾರ. ಯಂತ್ರದ ಕೀಲಲ್ಲ, ಮನುಷ್ಯನ ಸೊಂಟದ ಕೀಲು. ದುಡಿದು ಉಣ್ಣುವವರಿಗೆ ಕೈಕಾಲೇ ಬಂಡವಾಳ. ಆ ಬಂಡವಾಳ ಸವೆದಾಗ ನಾವೇನು ಮಾಡುತ್ತೇವೆ? "ವಯಸ್ಸಾಯಿತು, ಇನ್ನೇನು" ಎಂದು ಎಣ್ಣೆ ತಿಕ್ಕಿ ಮೂಲೆಯಲ್ಲಿ ಕೂರಿಸುತ್ತೇವೆ. ಸವೆದ ಕೀಲನ್ನು ತೆಗೆದು ಹೊಸದನ್ನು ಕೂರಿಸುವ ವಿದ್ಯೆ ಬಂದು ಅರವತ್ತು ವರ್ಷಗಳೇ ಕಳೆದಿವೆ. ಅದರಲ್ಲಿ ನಿಮ್ಮಂಥವರ ಕೈ ಎಷ್ಟಿದೆ ಎಂಬುದು ಬಹಳ ಜನಕ್ಕೆ ತಿಳಿಯದು.

ತೊಡೆಯ ಮೂಳೆಯ ತುದಿಯಲ್ಲಿ ಒಂದು ಗುಂಡು ಇದೆ. ಸೊಂಟದ ಮೂಳೆಯಲ್ಲಿ ಅದು ತಿರುಗಲು ಒಂದು ಬಟ್ಟಲು ಇದೆ. ನಡುವಿನ ನುಣುಪಾದ ಪದರ ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಎಣ್ಣೆ ಆರಿದ ಬೇರಿಂಗಿನ ಗತಿಯೇ ಅದಕ್ಕೂ.

ಇಂಗ್ಲೆಂಡಿನ ಲ್ಯಾಂಕಶೈರ್ ಹತ್ತಿ ಗಿರಣಿಗಳ ಸೀಮೆ. ಅಲ್ಲಿನ ಬರಿ ಪಟ್ಟಣದಲ್ಲಿ 1911ರಲ್ಲಿ ಹುಟ್ಟಿದ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು ಅದೇ ಸೀಮೆಯ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಗುಂಡಿಗೆ ಉಕ್ಕು, ಬಟ್ಟಲಿಗೆ ಟೆಫ್ಲಾನ್. ಎರಡನ್ನೂ ಮೂಳೆಯಲ್ಲಿ ಭದ್ರಪಡಿಸಲು ದಂತವೈದ್ಯರು ಬಳಸುತ್ತಿದ್ದ ಅಕ್ರಿಲಿಕ್ಕಿನ ಗಾರೆ. ಮೊದಮೊದಲು ರೋಗಿಗಳು ಎದ್ದು ನಡೆದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿಯಿಂದ ಕೀಲಿನ ಸುತ್ತ ಊತ ಬಂತು. ಸುಮಾರು 300 ಮಂದಿಯ ಕೀಲುಗಳು ಕೆಟ್ಟವು. ಚಾರ್ನ್ಲಿ ತಪ್ಪನ್ನು ಮುಚ್ಚಿಡಲಿಲ್ಲ. ಟೆಫ್ಲಾನಿನ ಚೂರನ್ನು ತಮ್ಮ ತೊಡೆಯೊಳಗೇ ಇಟ್ಟು ಪರೀಕ್ಷೆ ಮಾಡಿದರು.

1962ರಲ್ಲಿ ಒಬ್ಬ ಮಾರಾಟಗಾರ ಆಸ್ಪತ್ರೆಗೆ ಬಂದ. ಅವನು ಮಾರುತ್ತಿದ್ದುದು ಲ್ಯಾಂಕಶೈರಿನ ಮಗ್ಗಗಳಿಗೆ ಬೇಕಾದ ಪ್ಲಾಸ್ಟಿಕ್ ಹಲ್ಲುಗಾಲಿಗಳನ್ನು. ಅವನ ಕೈಯಲ್ಲಿ ಗಟ್ಟಿ ಪಾಲಿಥೀನಿನ ಒಂದು ತುಂಡಿತ್ತು. ಚಾರ್ನ್ಲಿ ಉಗುರಿನಿಂದ ಗೀರಿ ನೋಡಿ, ಇದು ಆಗದು ಎಂದು ಹೊರಟರು. ಆದರೆ ಕಾರ್ಯಾಗಾರದಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹ್ಯಾರಿ ಕ್ರೇವನ್ ಆ ತುಂಡನ್ನು ಬಿಸಾಡಲಿಲ್ಲ. ಸವೆತ ಅಳೆಯುವ ಯಂತ್ರಕ್ಕೆ ಅದನ್ನು ಹಾಕಿ ಹಗಲಿರುಳು ಓಡಿಸಿದ. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಇದು ಮೂರು ವಾರಗಳಲ್ಲಿ ಸವೆಯಲಿಲ್ಲ! ಅದೇ ವರ್ಷದ ನವೆಂಬರಿನಲ್ಲಿ ಪಾಲಿಥೀನಿನ ಬಟ್ಟಲು ಮನುಷ್ಯನ ಸೊಂಟ ಸೇರಿತು. ತಮ್ಮ ಮರಣಾನಂತರ ಕೀಲನ್ನು ಪರೀಕ್ಷೆಗೆ ಹಿಂದಿರುಗಿಸಲು ಎಷ್ಟೋ ರೋಗಿಗಳು ಒಪ್ಪಿದರು. ಬಡವರ ಮೂಳೆಗಳೂ ಹೀಗೆ ಈ ವಿದ್ಯೆಗೆ ಪಾಠ ಹೇಳಿವೆ.

ಸೊಂಟದಲ್ಲಿ ಕಲಿತ ಈ ಪಾಠ, ಲೋಹದೆದುರು ಪಾಲಿಥೀನ್, ಮುಂದೆ ಮೊಣಕಾಲಿಗೂ ಬಂತು. ನಮ್ಮ ದೇಶದ ಮಾತು ಹುಟ್ಟುವುದು ಇಲ್ಲಿಯೇ. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮೊಣಕಾಲು ಕೀಲಿನ ಸರಾಸರಿ ಬೆಲೆ ನಮ್ಮಲ್ಲಿ 1,58,324 ರೂಪಾಯಿ ಇತ್ತು. 2017ರ ಆಗಸ್ಟ್ 16ರಂದು ಕೇಂದ್ರ ಸರ್ಕಾರ ಅದಕ್ಕೆ 54,720 ರೂಪಾಯಿಯ ಮಿತಿ ಹಾಕಿತು. ತೆರಿಗೆ ಬೇರೆ. ಅದನ್ನು ಪ್ರಕಟಿಸಿದವರು ಬೆಂಗಳೂರಿನಿಂದ ಆರಿಸಿಹೋಗಿದ್ದ ಆಗಿನ ಸಚಿವ ಅನಂತಕುಮಾರ್. ಸರಕು ಅದೇ, ಬೆಲೆ ಮೂರರಲ್ಲಿ ಒಂದು ಪಾಲು! ವರ್ತಕ ಮಿತ್ರರೇ, ತಕ್ಕಡಿ ಹಿಡಿದವರು ನೀವು. ಉಳಿದ ಎರಡು ಪಾಲು ಅದುವರೆಗೆ ಯಾರ ಗಲ್ಲೆಗೆ ಹೋಗುತ್ತಿತ್ತು, ನೀವೇ ಲೆಕ್ಕ ಹಾಕಿ.

ಲಾಭವೇ ಬೇಡವೆಂದು ನಾವು ಹೇಳುವುದಿಲ್ಲ. ಕೀಲು ಮಾಡಿದವನಿಗೂ ಕೂರಿಸಿದವನಿಗೂ ಕೂಲಿ ಸಲ್ಲಲೇಬೇಕು. ಆದರೆ ಮಗ್ಗದ ಗಾಲಿ, ಕೆಲಸಗಾರನ ಹಟ, ರೋಗಿಗಳ ನೋವು ಸೇರಿ ಆದ ಈ ವಿದ್ಯೆ ಮಗ್ಗ ನಡೆಸಿದವನ ಮನೆ ಬಾಗಿಲಿಗೆ ಬಾರದಿದ್ದರೆ ಅದು ಅನ್ಯಾಯ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಲು ಬದಲಾಯಿಸಬೇಕೆಂದು ವೈದ್ಯರು ಹೇಳಿದರೆ ಹೆದರಬೇಡಿ. ಕೀಲಿನ ಬೆಲೆ ಎಷ್ಟು, ಶಸ್ತ್ರಕ್ರಿಯೆಯದೆಷ್ಟು ಎಂದು ಬೇರೆಬೇರೆಯಾಗಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಬ್ಬರೇ ಕೇಳಲು ಸಂಕೋಚವಾದರೆ ನಾಲ್ವರು ಜೊತೆಗೆ ಹೋಗಿ ಕೇಳಿ.