ಸಾಕ್ಷಿಯನ್ನು ತೂಗುವುದು ಹೇಗೆ?



“ಕಣ್ಣಾರೆ ಕಂಡವರಿದ್ದಾರೆ” ಎಂದರೆ ಸಾಕು, ನಮ್ಮಲ್ಲಿ ವಾದ ಮುಗಿಯುತ್ತದೆ. ಆದರೆ ಇತಿಹಾಸದ ವಿದ್ಯಾರ್ಥಿಯ ಕೆಲಸ ಶುರುವಾಗುವುದೇ ಅಲ್ಲಿಂದ. ಅಮೆರಿಕದ ಮಾರ್ಮನ್ ಪಂಥದ ಆರಂಭದ ದಿನಗಳು ಇದಕ್ಕೊಂದು ಒಳ್ಳೆಯ ಉದಾಹರಣೆ.

ನ್ಯೂಯಾರ್ಕ್ ರಾಜ್ಯದ ಜೋಸೆಫ್ ಸ್ಮಿತ್ 1830ರಲ್ಲಿ ‘ಬುಕ್ ಆಫ್ ಮಾರ್ಮನ್’ ಗ್ರಂಥವನ್ನು ಪ್ರಕಟಿಸಿದರು. ದೇವದೂತನ ಮೂಲಕ ದೊರೆತ ಚಿನ್ನದ ಫಲಕಗಳಿಂದ ಅದನ್ನು ಅನುವಾದಿಸಿದ್ದಾಗಿಯೂ ಬಳಿಕ ಫಲಕಗಳನ್ನು ದೇವದೂತನಿಗೇ ಮರಳಿಸಿದ್ದಾಗಿಯೂ ಹೇಳಿದರು. ಹೀಗಾಗಿ ಪರೀಕ್ಷಿಸಲು ಉಳಿದದ್ದು ಸಾಕ್ಷಿಗಳ ಮಾತು ಮಾತ್ರ. ಗ್ರಂಥದಲ್ಲೇ ಅಚ್ಚಾದ ಎರಡು ಹೇಳಿಕೆಗಳಿವೆ. ದೇವದೂತನೇ ಫಲಕಗಳನ್ನು ತೋರಿಸಿದನೆಂದು ಆಲಿವರ್ ಕೌಡ್ರಿ, ಡೇವಿಡ್ ವಿಟ್ಮರ್ ಮತ್ತು ಮಾರ್ಟಿನ್ ಹ್ಯಾರಿಸ್ ಹೇಳಿದರು. ಇನ್ನೆಂಟು ಮಂದಿ ದೇವದೂತನ ಮಾತೆತ್ತದೆ, ಫಲಕಗಳನ್ನು ನೋಡಿ ಕೈಯಲ್ಲಿ ಹಿಡಿದೆವು ಎಂದರು. ಇವೆರಡೂ 1829ರ ಘಟನೆಗಳು.

ಈಗ ತಕ್ಕಡಿ ಹಿಡಿಯೋಣ. ಮೊದಲ ಮೂವರೂ ಮುಂದೆ ಸ್ಮಿತ್‌ರೊಡನೆ ಮನಸ್ತಾಪ ಮಾಡಿಕೊಂಡರು. 1838ರ ಹೊತ್ತಿಗೆ ಮೂವರೂ ಪಂಥದಿಂದ ಹೊರಗಿದ್ದರು. ಸುಳ್ಳಾಗಿದ್ದರೆ ಬಯಲಿಗೆಳೆಯಲು ಅದೇ ಸಮಯ. ಆದರೂ ಅವರು ತಮ್ಮ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳಲಿಲ್ಲ. ಕೌಡ್ರಿ 1848ರಲ್ಲಿ, ಹ್ಯಾರಿಸ್ 1870ರಲ್ಲಿ ಪಂಥಕ್ಕೆ ಮರಳಿದರು. ವಿಟ್ಮರ್ ಮರಳಲೇ ಇಲ್ಲ. ಆದರೂ 1887ರಲ್ಲಿ ಒಂದು ಪುಸ್ತಿಕೆ ಬರೆದು, ಸ್ಮಿತ್‌ರ ನಂತರದ ನಡೆಯನ್ನು ಖಂಡಿಸುತ್ತಲೇ ತನ್ನ ಸಾಕ್ಷ್ಯವನ್ನು ಎತ್ತಿಹಿಡಿದರು. ಇಂಥವರನ್ನು ವಂಚಕರೆಂದು ತಳ್ಳಿಹಾಕುವುದು ಸುಲಭವಲ್ಲ.

ಇನ್ನೊಂದು ತಟ್ಟೆಯನ್ನೂ ನೋಡಿ. ಎಂಟು ಮಂದಿಯಲ್ಲಿ ಮೂವರು ಸ್ಮಿತ್‌ರ ತಂದೆ ಮತ್ತು ಸಹೋದರರು. ಉಳಿದ ಐವರು ವಿಟ್ಮರ್ ಸಹೋದರರು ಮತ್ತು ಅವರ ಭಾವ. ಗ್ರಂಥದ ಮುದ್ರಣಕ್ಕಾಗಿ ಹ್ಯಾರಿಸ್ ತನ್ನ ಜಮೀನನ್ನೇ ಅಡವಿಟ್ಟಿದ್ದರು. ಅದು ಅವರ ಪ್ರಾಮಾಣಿಕತೆಯ ಗುರುತೂ ಹೌದು, ಹಿತಾಸಕ್ತಿಯ ಗುರುತೂ ಹೌದು. ಫಲಕಗಳನ್ನು ಬರಿಗಣ್ಣಿನಿಂದ ಕಂಡಿಲ್ಲ, ದರ್ಶನದಲ್ಲಷ್ಟೇ ಕಂಡೆ ಎಂದು ಹ್ಯಾರಿಸ್ ಬಹಿರಂಗವಾಗಿ ಹೇಳಿದರೆಂದು ಪಂಥ ತೊರೆದವರೊಬ್ಬರ 1838ರ ಪತ್ರ ತಿಳಿಸುತ್ತದೆ. ಆದರೆ ಅದು ಕೇಳಿದವರ ಮಾತು, ಅದನ್ನೂ ತೂಗಲೇಬೇಕು.

ಮಿತ್ರರೇ, ಸಾಕ್ಷಿ ಪ್ರಾಮಾಣಿಕನೇ ಎಂಬುದು ಒಂದು ಪ್ರಶ್ನೆ. ಅವನು ಹೇಳಿದ್ದು ನಡೆದಿದೆಯೇ ಎಂಬುದು ಇನ್ನೊಂದು. ಐವತ್ತು ವರ್ಷ ಮಾತು ಬದಲಿಸದವನು ತನ್ನ ನಂಬಿಕೆಯ ಗಟ್ಟಿತನವನ್ನು ತೋರಿಸುತ್ತಾನೆಯೇ ಹೊರತು ಘಟನೆಯನ್ನು ಸಿದ್ಧಪಡಿಸುವುದಿಲ್ಲ. ಹಾಗೆಯೇ ಘಟನೆಯನ್ನು ನಾವು ಒಪ್ಪದಿದ್ದ ಮಾತ್ರಕ್ಕೆ ಅವನು ಸುಳ್ಳುಗಾರನಾಗುವುದಿಲ್ಲ.

ಇಂದು ಆ ಪಂಥದಲ್ಲಿ ಒಂದೂವರೆ ಕೋಟಿಗೂ ಮಿಕ್ಕಿ ಸದಸ್ಯರಿದ್ದಾರೆ. ಅವರ ನಂಬಿಕೆ ನಮ್ಮದಲ್ಲ. ಆದರೆ ಅನ್ಯರ ನಂಬಿಕೆಯನ್ನು ಗೇಲಿ ಮಾಡುವುದು ವಿಮರ್ಶೆಯಲ್ಲ. ಯಾರು ಕಂಡರು? ಹೇಗೆ ಕಂಡರು? ಯಾವಾಗ ಬರೆದರು? ಅವರ ನಡುವಿನ ಸಂಬಂಧವೇನು? ಯಾವ ಸುದ್ದಿ ಕಿವಿಗೆ ಬಿದ್ದರೂ ಈ ನಾಲ್ಕು ಪ್ರಶ್ನೆ ಕೇಳಿ. ನಮಗೆ ಹಿತವಾದ ಮಾತಿಗೂ ಒಲ್ಲದ ಮಾತಿಗೂ ತಕ್ಕಡಿ ಒಂದೇ ಇರಲಿ. ವಿದ್ಯಾವಂತರಿಂದ ಸಮಾಜ ನಿರೀಕ್ಷಿಸುವ ನ್ಯಾಯ ಇದೇ.