ಮಗನನ್ನು ತಿದ್ದುವ ಗುತ್ತಿಗೆ
(ಸಿಂಗಟಗೆರೆಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಖಾಸಗಿ ವಸತಿ ಶಾಲೆಗಳ ಕರೆಗಳು ನಮ್ಮ ಮನೆಗಳಿಗೂ ಬರುತ್ತವೆ. ಹಠಮಾರಿ ಮಗನನ್ನು ಒಪ್ಪಿಸಿ, ತಿದ್ದಿ ಕೊಡುತ್ತೇವೆ ಎಂಬುದು ಅವರ ಮಾತು. ಇಂದೇ ಮುಂಗಡ ಕಟ್ಟಬೇಕೆಂಬ ಅವಸರ ಬೇರೆ. ಸೋತು ಕುಳಿತ ಹೆತ್ತವರಿಗೆ ಆ ಮಾತು ಅಮೃತದಂತೆ ಕೇಳಿಸುತ್ತದೆ.

ವಸತಿ ಶಾಲೆಗಳೆಲ್ಲವೂ ಕೆಟ್ಟವೆಂದು ನಾವು ಹೇಳುತ್ತಿಲ್ಲ. ಆದರೆ 2019ರ ಸೆಪ್ಟೆಂಬರ್‌ನಲ್ಲಿ ನೈಜೀರಿಯಾದ ಕಡುನಾ ನಗರದಲ್ಲಿ, ಧಾರ್ಮಿಕ ಶಾಲೆಯ ಹೆಸರಿದ್ದ ಕಟ್ಟಡದಿಂದ ಪೊಲೀಸರು 300ಕ್ಕೂ ಹೆಚ್ಚು ಬಾಲಕರನ್ನೂ ಪುರುಷರನ್ನೂ ಬಿಡಿಸಿದರು. ಹಲವರ ಕಾಲುಗಳಲ್ಲಿ ಸರಪಳಿಗಳಿದ್ದವು. ಅವರಲ್ಲಿ ಎಷ್ಟೋ ಮಂದಿಯನ್ನು ಅಲ್ಲಿ ಬಿಟ್ಟುಬಂದವರು ಮನೆಯವರೇ! ಅಮೆರಿಕದಲ್ಲೂ ಹದಿಹರೆಯದವರನ್ನು ತಿದ್ದುವುದೇ ದೊಡ್ಡ ವ್ಯಾಪಾರವಾಯಿತು. ಅಲ್ಲಿನ ದೌರ್ಜನ್ಯಗಳನ್ನು ಸ್ವತಃ ಅನುಭವಿಸಿದವರ ಹೋರಾಟದ ಫಲವಾಗಿ 2024ರ ಡಿಸೆಂಬರ್‌ನಲ್ಲಿ ಕಾನೂನು ಬಂತು.

ಆದ್ದರಿಂದ ಹಣ ಕಟ್ಟುವ ಮುನ್ನ ಕೇಳೋಣ: ಮುನ್ಸೂಚನೆಯಿಲ್ಲದೆ ಮಗುವನ್ನು ನೋಡಬಹುದೇ? ಅವನು ಮನೆಯವರೊಡನೆ ಏಕಾಂತದಲ್ಲಿ ಮಾತನಾಡಬಹುದೇ? ತಪ್ಪಿಗೆ ಶಿಕ್ಷೆಯೇನು? ನಡುವೆ ಬಿಡಿಸಿದರೆ ಹಣ ಮರಳುವುದೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲಾ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗು ಅಪಾಯದಲ್ಲಿದ್ದರೆ 1098ಕ್ಕೆ ಕರೆ ಮಾಡಬಹುದು. ಮಗ ಅಳುತ್ತಾ ಹೇಳಿದ್ದನ್ನು ನೆಪವೆಂದು ತಳ್ಳಿಹಾಕದಿರೋಣ.

ಬಾಲಕ ಅನಸ್(ರ) ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಒಮ್ಮೆಯೂ ಅವರಿಂದ ಗದರಿಕೆ ಕೇಳಲಿಲ್ಲ. ನಮ್ಮ ಮಕ್ಕಳೊಡನೆ ದಿನಕ್ಕೆ ಅರ್ಧ ಗಂಟೆ ಕುಳಿತು ಮಾತನಾಡಿ ಎಷ್ಟು ದಿನವಾಯಿತು? ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು. ಅಲ್ಲಾಹನು ನಮಗೆ ವಹಿಸಿದ ಅಮಾನತ್ತನ್ನು ಗುತ್ತಿಗೆಗೆ ಕೊಡಲಾಗದು.